ಮಂಗಳೂರು ಹೆಂಚು ಇಳಿಸಿ ತಗಡಿನ ಹೆಂಚು ಹಾಕಿದ ನನ್ನ ಅನುಭವ

ಮೇಲುಕೋಟೆಯ ನಮ್ಮ ಹಳೇ ಮನೆಗೆ ಮಂಗಳೂರು ಹೆಂಚು ಇತ್ತು. ಅಲ್ಲಿನ ಕೋತಿಗಳ ವಿಷಯ ಗೊತ್ತಲ್ವಾ? ಹುಣಸೆ ಮರದಿಂದ ಮಾಡಿಗೆ ಹಾರಿದಾಗಲೆಲ್ಲ ಎರಡು ಮೂರು ಹೆಂಚು ಒಡೆಯುತ್ತಿದ್ದವು. ವರ್ಷಾ ವರ್ಷಾ ಹೆಂಚು ಕೈಯಾಡಿಸಿದರೂ ಮಳೆ ಬಂದರೆ ಅಮ್ಮ ನಡುಮನೆಯಲ್ಲಿ ಪಾತ್ರೆ ಇಡುವುದು ತಪ್ಪಲಿಲ್ಲ. ಕೊನೆಗೆ ಹೆಂಚಿನ ಅಚ್ಚಿರುವ, ಬಣ್ಣ ಹಚ್ಚಿದ ತಗಡು ಹಾಕೋಣ ಎಂದು ನಿರ್ಧಾರ ಮಾಡಿದೆವು. ವೈರಮುಡಿ ಮುಗಿದ ವಾರವೇ ಕೆಲಸ ಶುರು. ಭರಣಿ ಮಳೆಗೆ ಮುಂಚೆ ಮುಗಿಯಲೇಬೇಕಿತ್ತು.

ಹೆಂಚು ಇಳಿಸಲು ಎರಡು ದಿನ. ಗೆದ್ದಲು ತಿಂದಿದ್ದ ಮರ ಬದಲಾಯಿಸಲು ಇನ್ನೊಂದು ದಿನ ಹಿಡಿಯಿತು.

ನಿಜವಾದ ಕೆಲಸ ಇರುವುದು ರೀಪರ್ ಪಟ್ಟಿಯಲ್ಲಿ, ಅಂದರೆ ಹೆಂಚು ಕೂರಲು ಮಾಡಿಗೆ ಅಡ್ಡಲಾಗಿ ಹೊಡೆಯುವ ಮರದ ಪಟ್ಟಿಯಲ್ಲಿ. ಹಳೇ ರೀಪರಿನ ಅಂತರ ಮಂಗಳೂರು ಹೆಂಚಿಗೆ ತಕ್ಕದ್ದು, ತಗಡಿಗೆ ಅದು ಹೊಂದುವುದಿಲ್ಲ. ತಗಡಿನ ಅಚ್ಚು ಹೆಂಚಿನ ಸಾಲುಗಳ ಹಾಗೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ನಾವು ತಂದದ್ದರಲ್ಲಿ ಒಂದು ಮೆಟ್ಟಿಲಿಂದ ಇನ್ನೊಂದು ಮೆಟ್ಟಿಲಿಗೆ 350 ಮಿ.ಮೀ. ಇತ್ತು. ರೀಪರ್ ಕೂಡ ಅಷ್ಟಕ್ಕೇ ಕೂರಬೇಕು. ಇಲ್ಲದಿದ್ದರೆ ಸ್ಕ್ರೂ ಹೊಡೆದ ಕಡೆ ಕೆಳಗೆ ಮರವೇ ಇರುವುದಿಲ್ಲ. ಸೂರಿನ ಮೊದಲ ರೀಪರ್ ಮಾತ್ರ ಉಳಿದವಕ್ಕಿಂತ 10ರಿಂದ 15 ಮಿ.ಮೀ. ಎತ್ತರ ಇರಬೇಕು. ಅಲ್ಲಿ ತಗಡಿಗೆ ಕೆಳಗಿನ ಮೆಟ್ಟಿಲಿನ ಆಸರೆ ಇಲ್ಲ, ಹಾಗೇ ಬಿಟ್ಟರೆ ತುದಿ ಜೋತು ಬೀಳುತ್ತದೆ.

ಎಡವಿದ್ದು ಮೊದಲ ತಗಡಿನಲ್ಲೇ. ಗೋಡೆಯ ಅಂಚಿಗೆ ಸರಿಯಾಗಿ ಇಟ್ಟು ಬಿಗಿದೆ. ಮೂರನೆಯದಕ್ಕೆ ಬರುವಾಗ ಸೂರಿನಲ್ಲಿ ಎರಡು ಬೆರಳು ಓರೆ! ಬಾಮೈದ ಕೆಳಗಿಂದ ನೋಡಿ, "ಭಾವ, ಗೋಡೆನೇ ಸೊಟ್ಟ ಐತೆ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಿ" ಎಂದ. ಹಿಡಿದೆವು. ಎರಡು ಕರ್ಣ ಒಂದೇ ಅಳತೆಗೆ ಬರಲಿಲ್ಲ. ಮೂರನ್ನೂ ಬಿಚ್ಚಿ, ಸೂರಿಗೆ ದಾರ ಕಟ್ಟಿ, ದಾರಕ್ಕೆ ಸರಿಯಾಗಿ ಮತ್ತೆ ಇಟ್ಟೆವು. ಪಕ್ಕದ ಓರೆ ಅಂಚಿನ ಪಟ್ಟಿಯ ಕೆಳಗೆ ಮುಚ್ಚಿಹೋಯಿತು. ಹಳೇ ಮನೆಯಲ್ಲಿ ಗೋಡೆಯನ್ನು ನಂಬಬೇಡಿ, ದಾರವನ್ನು ನಂಬಿ.

ನಮ್ಮಲ್ಲಿ ಗಾಳಿ ಮಳೆ ಹೊಡೆಯುವುದು ಪಡುವಲಿಂದ. ಅದಕ್ಕೇ ಮೂಡಲ ತುದಿಯಿಂದ ಹೊದಿಸುತ್ತಾ ಬಂದೆವು. ಹಾಗೆ ಮಾಡಿದರೆ ಜೋಡಣೆಯ ಬಾಯಿ ಗಾಳಿಗೆ ಎದುರಾಗುವುದಿಲ್ಲ. ಸ್ಕ್ರೂ ಹೊಡೆಯುವುದು ಮೆಟ್ಟಿಲಿನ ಕೆಳಗೆ, ತಗ್ಗಿನಲ್ಲಿ, ತಗಡು ರೀಪರಿಗೆ ತಾಗುವ ಜಾಗದಲ್ಲಿ. ರಬ್ಬರ್ ವಾಷರ್ ಸ್ವಲ್ಪ ಉಬ್ಬಿದರೆ ಸಾಕು. ಜಾಸ್ತಿ ಬಿಗಿದರೆ ಅದು ಅಪ್ಪಚ್ಚಿಯಾಗಿ ಬಿಸಿಲಿಗೆ ಬಿರಿಯುತ್ತದೆ. ಹಾಗಂತ ಸ್ಕ್ರೂ ಉಳಿಸಲು ಹೋಗಬೇಡಿ. ಮಂಗಳೂರು ಹೆಂಚು ತನ್ನ ಭಾರಕ್ಕೇ ಕೂತಿರುತ್ತದೆ. ತಗಡಿಗೆ ಆ ಭಾರ ಇಲ್ಲ, ಗಾಳಿ ಎತ್ತಿಬಿಡುತ್ತದೆ. ಚದರ ಮೀಟರಿಗೆ ಎಂಟರಂತೆ ಹೊಡೆದೆವು.

ಇನ್ನೊಂದು ಮಾತು. ದಯವಿಟ್ಟು ಗ್ರೈಂಡರಿನಲ್ಲಿ ಕತ್ತರಿಸಬೇಡಿ. ಕಿಡಿಯ ಬಿಸಿಗೆ ಅಂಚಿನ ಬಣ್ಣ, ಸತು ಎರಡೂ ಸುಟ್ಟು ತುಕ್ಕು ಶುರುವಾಗುತ್ತದೆ. ನಮಗೆ ಬಂದಿದ್ದ ಕೆಲಸದವರು ಎರಡು ತಗಡನ್ನು ಹಾಗೆ ಕುಯ್ದಿದ್ದರು. ಆಮೇಲೆ ನಾನೇ ತಗಡು ಕತ್ತರಿ ತಂದೆ. ಕೈ ನೋಯುತ್ತದೆ ನಿಜ, ಆದರೆ ಅಂಚು ಉಳಿಯುತ್ತದೆ. ಡ್ರಿಲ್ ಮಾಡಿದಾಗ ಉದುರುವ ಕಬ್ಬಿಣದ ಚೂರನ್ನು ಸಂಜೆ ಸಂಜೆ ಮೆತ್ತನೆ ಪೊರಕೆಯಲ್ಲಿ ಗುಡಿಸಿಬಿಡಿ. ಒಂದು ರಾತ್ರಿ ಇಬ್ಬನಿಗೆ ಬಿಟ್ಟರೂ ಸಾಕು, ಬೆಳಗ್ಗೆ ಕೆಂಪು ಚುಕ್ಕೆ.

ಬಿಸಿಲಿನ ಭಯ ನನಗೂ ಇತ್ತು. ರೀಪರಿನ ಕೆಳಗೆ ಬೆಳ್ಳಿ ಹಾಳೆ ಅಂಟಿಸಿದ ಫೋಮ್ ಹಾಸಿ, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಸಂದು ಬಿಟ್ಟೆವು. ಸಂದಿಗೆ ಜಾಲರಿ ಹೊಡೆದಿದ್ದೇವೆ. ಮಧ್ಯಾಹ್ನ ಈಗ ಕೂರಬಹುದು, ಆದರೂ ಹೆಂಚಿನ ತಂಪು ಇಲ್ಲ. ಮಳೆ ಸದ್ದೂ ಮೊದಲಿಗಿಂತ ಜಾಸ್ತಿ.

ಭರಣಿ ಮಳೆ ರಾತ್ರಿ ಬಂತು. ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿದೆ. ಒಂದು ಹನಿಯೂ ಇಲ್ಲ. ಅಮ್ಮ ಪಾತ್ರೆಗಳನ್ನು ಅಡುಗೆಮನೆಗೆ ವಾಪಸ್ ಇಟ್ಟರು. ಇಳಿಸಿದ ಹೆಂಚಲ್ಲಿ ಚೆನ್ನಾಗಿರುವುದನ್ನು ಹಿತ್ತಿಲಲ್ಲಿ ಜೋಡಿಸಿದ್ದೇನೆ. ಕೆಲವದರ ಹಿಂದೆ ಮಂಗಳೂರಿನ ಕಾರ್ಖಾನೆಯ ಅಚ್ಚು ಇನ್ನೂ ಓದಲು ಬರುತ್ತದೆ. ಮುಂದಿನ ಬೇಸಿಗೆಗೆ ಅವನ್ನು ಕೊಟ್ಟಿಗೆಗೆ ಹೊದಿಸುತ್ತೇನೆ. ಅಲ್ಲಿಗೆ ಹುಣಸೆ ಕೊಂಬೆ ಎಟುಕುವುದಿಲ್ಲ.