ವಯಸ್ಸಾದ ಮೇಲೆ ಚರ್ಮದ ಕಡೆ ತಿರುಗಿ ನೋಡುವವರಿಗೆ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಚರ್ಮದ ನೆನಪಾಗುವುದು ಹೆಚ್ಚಾಗಿ ಮಗಳ ಮದುವೆಗೆ ಎರಡು ತಿಂಗಳಿರುವಾಗ. ಅಲ್ಲಿಯವರೆಗೆ ತೋಟ, ಹಟ್ಟಿ, ಅಡಿಕೆ ಒಣಗಿಸುವ ಅಂಗಳದ ಬಿಸಿಲು, ಒಲೆಯ ಹೊಗೆ. ಆಮೇಲೆ ಒಂದು ದಿನ ಕನ್ನಡಿ ನೋಡಿ ಗಾಬರಿಯಾಗಿ ಪೇಟೆಗೆ ಹೋಗಿ ಸೀರಮ್ಮು, ಸ್ಕ್ರಬ್ಬು, ನೈಟ್ ಕ್ರೀಮು ಅಂತ ಒಂದು ಚೀಲ ತುಂಬಿಸಿಕೊಂಡು ಬಂದು ಎಲ್ಲವನ್ನೂ ಒಂದೇ ವಾರದಲ್ಲಿ ಮುಖಕ್ಕೆ ಬಳಿಯುತ್ತಾರೆ. ಮುಖ ಕೆಂಪಾಗಿ ಉರಿಯುತ್ತದೆ. ಬಾಟಲಿಗಳು ಕಪಾಟಿನ ಮೇಲೆ ಹೋಗಿ ಕೂರುತ್ತವೆ.

ನಾನು ಹೇಳುವುದು ಬೇರೆ. ಮೊದಲ ತಿಂಗಳು ಹೊಸದಾಗಿ ಏನನ್ನೂ ತರಬೇಡಿ. ಈಗ ಮಾಡುತ್ತಿರುವುದರಲ್ಲಿ ಕೆಲವನ್ನು ಬಿಡಿ, ಸಾಕು. ಚರ್ಮದ ಹೊರಪದರ ಪೂರ್ತಿ ಹೊಸದಾಗಲಿಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು, ವಯಸ್ಸಾದ ಹಾಗೆ ಇನ್ನೂ ಜಾಸ್ತಿ. ಹಾಗಾಗಿ ಮೂರು ದಿನಕ್ಕೆ ಫಲ ನೋಡುವ ಆತುರ ಬೇಡ.

ಬಿಡುವುದರಲ್ಲಿ ಮೊದಲನೆಯದು ಬಚ್ಚಲಿನ ಬಿಸಿನೀರು. ಆಟಿಯ ಮಳೆಯಲ್ಲಿ ನೆನೆದು ಬಂದು ಹಂಡೆಯಿಂದ ಹೊಗೆಯಾಡುವ ನೀರು ಮೊಗೆದು ಸುರಿದುಕೊಳ್ಳುವ ಸುಖ ನನಗೂ ಗೊತ್ತು. ಆದರೆ ಅಷ್ಟು ಬಿಸಿ ನೀರು ಮೈಯ ಜಿಡ್ಡನ್ನೆಲ್ಲ ತೆಗೆದುಬಿಡುತ್ತದೆ, ಆಮೇಲೆ ಮೊಣಕಾಲಿನ ಕೆಳಗೆ ಬಿಳಿ ಗೀರು, ರಾತ್ರಿ ತುರಿಕೆ. ಉಗುರು ಬೆಚ್ಚಗಿದ್ದರೆ ಸಾಕು. ಎರಡನೆಯದು ಬಟ್ಟೆ ಸೋಪಿನಲ್ಲಿ ಮುಖ ತೊಳೆಯುವುದು. ನಗಬೇಡಿ, ತೋಟದಿಂದ ಬಂದು ಕಲ್ಲಿನ ಮೇಲಿದ್ದ ಸೋಪಿನಲ್ಲೇ ಕೈ, ಮುಖ, ಕಾಲು ಮೂರನ್ನೂ ಮುಗಿಸುವ ಗಂಡಸರು ಪ್ರತಿ ಮನೆಯಲ್ಲೂ ಇದ್ದಾರೆ. ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಸೋಪು ಕ್ಷಾರ ಗುಣದ್ದು. ಮೈಸೋಪು ಕೊಳ್ಳುವಾಗಲೂ ಹೊದಿಕೆ ತಿರುಗಿಸಿ ಟಿಎಫ್‌ಎಂ ಎಷ್ಟು ಅಂತ ನೋಡಿ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ. ಒಂದನೇ ದರ್ಜೆಯ ಸೋಪಿಗೆ ಅದು 76 ಶೇಕಡಾ ಅಥವಾ ಮೇಲೆ ಇರಬೇಕು. ಪರಿಮಳ ನೋಡಿ ಕೊಂಡರೆ ಪರಿಮಳ ಮಾತ್ರ ಸಿಗುತ್ತದೆ. ಇನ್ನು ಇಡೀ ಮೈಗೆ ದಿನಾ ಸೋಪು ಬೇಕಾಗಿಲ್ಲ. ಕಂಕುಳು, ತೊಡೆಸಂದು, ಪಾದಕ್ಕೆ ಹಚ್ಚಿ, ಉಳಿದ ಕಡೆಗೆ ನೀರು ಸಾಕು. ತಿಕ್ಕುವ ಕಲ್ಲು ಹಿಮ್ಮಡಿಗೆ ಮಾತ್ರ, ಬೆನ್ನಿಗೆ ಅಲ್ಲ. ಬೈರಾಸಿನಲ್ಲಿ ಗಸಗಸ ಉಜ್ಜಬೇಡಿ, ಒತ್ತಿ ಒರೆಸಿ.

ಇಷ್ಟಾದ ಮೇಲೆ ಎಣ್ಣೆಯ ಮಾತು. ನಮ್ಮಲ್ಲಿ ಎಣ್ಣೆಗೆ ಬರವಿಲ್ಲ, ಮನೆಯ ಕೊಬ್ಬರಿಯನ್ನು ಮಿಲ್ಲಿಗೆ ಕೊಟ್ಟು ಆಡಿಸಿ ತಂದದ್ದು ಡಬ್ಬಿಯಲ್ಲಿ ಇರುತ್ತದೆ. ಹಚ್ಚುವ ಹೊತ್ತು ಮಾತ್ರ ಅನೇಕರದ್ದು ತಪ್ಪು. ಸ್ನಾನಕ್ಕೆ ಮೊದಲು ಮೈಗೆಲ್ಲ ಸುರಿದುಕೊಂಡು, ಆಮೇಲೆ ಎರಡೆರಡು ಸಲ ಸೋಪು ಹಾಕಿ ಅದನ್ನೆಲ್ಲ ತೊಳೆದು ಕಳೆಯುತ್ತಾರೆ. ದೀಪಾವಳಿಯ ಅಭ್ಯಂಜನಕ್ಕೆ ಅದು ಸರಿ, ಹೆಸರು ಹಿಟ್ಟಿನಲ್ಲಿ ಮೆಲ್ಲಗೆ ಜಿಡ್ಡು ತೆಗೆದರೆ ಇನ್ನೂ ಒಳ್ಳೆಯದು, ತಲೆಗೆ ದಾಸವಾಳ ಸೊಪ್ಪಿನ ಗೊಂಪು ಇದ್ದೇ ಇದೆ. ದಿನನಿತ್ಯಕ್ಕಾದರೆ ಸ್ನಾನ ಮುಗಿದ ಕೂಡಲೇ, ಮೈಯಲ್ಲಿ ಇನ್ನೂ ನೀರಿನ ಪಸೆ ಇರುವಾಗಲೇ ಅಂಗೈಯಲ್ಲಿ ಒಂದು ಚಮಚ ಎಣ್ಣೆ ಹಾಕಿಕೊಂಡು ಕೈಕಾಲಿಗೆ ಸವರಿ. ಎಣ್ಣೆ ತಾನಾಗಿ ನೀರು ಕೊಡುವುದಿಲ್ಲ, ಇರುವ ನೀರು ಆರಿ ಹೋಗದ ಹಾಗೆ ಹಿಡಿಯುತ್ತದೆ, ಅಷ್ಟೇ ಅದರ ಕೆಲಸ. ಪೂರ್ತಿ ಒಣಗಿದ ಮೈಗೆ ಹಚ್ಚಿದರೆ ಅಷ್ಟು ಪ್ರಯೋಜನ ಇಲ್ಲ, ಅಂಗಿಗೆ ಕಲೆಯೇ ಜಾಸ್ತಿ. ಮೊಡವೆ ಬರುವ ಮುಖಕ್ಕೆ ಮಾತ್ರ ತೆಂಗಿನೆಣ್ಣೆ ಬೇಡ, ರಂಧ್ರ ಕಟ್ಟುತ್ತದೆ. ಅಂಥವರು ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ತೆಗೆದುಕೊಳ್ಳಿ, ದುಬಾರಿಯದ್ದೇ ಆಗಬೇಕೆಂದಿಲ್ಲ.

ಒಡೆದ ಹಿಮ್ಮಡಿಗೆ ಪುನರ್ಪುಳಿ (ಕೋಕಂ) ಬೀಜದ ತುಪ್ಪವನ್ನು ಮೀರಿಸಿದ್ದು ನಾನು ನೋಡಿಲ್ಲ. ಗಟ್ಟಿ ಉಂಡೆಯಾಗಿರುತ್ತದೆ, ಸ್ವಲ್ಪ ಬಿಸಿ ತಾಗಿಸಿದರೆ ಕರಗುತ್ತದೆ. ರಾತ್ರಿ ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲು ಇಟ್ಟು, ಮೆತ್ತಗಾದ ಸತ್ತ ಚರ್ಮವನ್ನು ಕಲ್ಲಿನಲ್ಲಿ ಹಗುರವಾಗಿ ತಿಕ್ಕಿ, ಒರೆಸಿ, ಬಿರುಕಿನೊಳಗೆ ತುಪ್ಪ ತುಂಬಿಸಿ, ಹಳೆಯ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಅದು ಸಿಗದಿದ್ದರೆ ಮೆಡಿಕಲ್ಲಿನಲ್ಲಿ ಯೂರಿಯಾ ಇರುವ ಕ್ರೀಮು ಕೇಳಿ. ಹೆಸರು ಕೇಳಿ ಗೊಬ್ಬರದ ಅಂಗಡಿ ನೆನಪಾಗುತ್ತದೆ, ಆದರೆ ದಪ್ಪ ಚರ್ಮವನ್ನು ಮೆತ್ತಗೆ ಮಾಡುವುದರಲ್ಲಿ ಒಳ್ಳೆಯದು. ಸಕ್ಕರೆ ಕಾಯಿಲೆ ಇರುವವರು ಬ್ಲೇಡಿನಲ್ಲಿ ಹಿಮ್ಮಡಿ ಕೆರೆಯುವ ಕೆಲಸಕ್ಕೆ ಹೋಗಲೇಬೇಡಿ ಮಾರಾಯ್ರೆ. ನೀರಿನ ಬಿಸಿಯನ್ನೂ ಕಾಲಿನಲ್ಲಿ ನೋಡಬೇಡಿ, ಮೊಣಕೈ ಅದ್ದಿ ನೋಡಿ. ಆ ಕಾಲಿಗೆ ನೋವು, ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ.

ತೋಟದ ಕೆಲಸ ಮಾಡುವವರಿಗೆ ಇನ್ನೂ ಸ್ವಲ್ಪ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತು, ಸುಣ್ಣ ಎರಡೂ ಮೈಮೇಲೆ ಬೀಳುತ್ತವೆ. ಸುಣ್ಣ ಸುಡುತ್ತದೆ, ಬೆವರು ಸೇರಿದರೆ ಇನ್ನೂ ಜಾಸ್ತಿ. ತುಂಬು ತೋಳಿನ ಅಂಗಿ, ಕೈಗವಸು ಹಾಕಿ, ಮದ್ದು ಮುಗಿದ ಕೂಡಲೇ ಸ್ನಾನ ಮಾಡಿ, ಹಟ್ಟಿಯ ಕೆಲಸ ಮುಗಿಸಿ ಆಮೇಲೆ ಅನ್ನಬೇಡಿ. ಗೇರುಬೀಜ ಸುಟ್ಟು ಒಡೆಯುವಾಗ ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವ ಹಿರಿಯರ ಕ್ರಮ ಸುಮ್ನೆ ಬಂದದ್ದಲ್ಲ, ಆ ಸಿಪ್ಪೆಯ ಎಣ್ಣೆ ಚರ್ಮ ಸುಲಿಯುವಷ್ಟು ಖಾರ. ಮಾವು, ಗೇರು ಒಂದೇ ಕುಟುಂಬದ ಗಿಡಗಳು. ಒಂದರ ಸೊನೆಗೆ ಗುಳ್ಳೆ ಏಳುವವರಿಗೆ ಇನ್ನೊಂದರಿಂದಲೂ ಏಳಬಹುದು, ಮಾವಿನ ಮಿಡಿ ಆಯುವಾಗ ಜಾಗ್ರತೆ. ಮಳೆಗಾಲದಲ್ಲಿ ದಿನವಿಡೀ ಗಂಬೂಟಿನಲ್ಲಿ ಇರುವ ಕಾಲಿಗೆ ಎಣ್ಣೆ ಬೇಡ, ಗಾಳಿ ಬೇಕು. ಬೆರಳ ಸಂದು ಒರೆಸಿ ಒಣಗಿಸಿ, ಅಲ್ಲಿ ಬಿಳಿಚಿ ವಾಸನೆ ಬಂದರೆ ಅದು ಫಂಗಸ್ಸು.

ಮುಖದ ಬಂಗಿಗೆ ಲಿಂಬೆಹಣ್ಣು ಉಜ್ಜುವ ಉಪಾಯ ಯಾರು ಹೇಳಿದರೂ ಕೇಳಬೇಡಿ. ಲಿಂಬೆರಸ ಇರುವ ಜಾಗಕ್ಕೆ ಬಿಸಿಲು ತಾಗಿದರೆ ಸುಟ್ಟ ಹಾಗೆ ಗುಳ್ಳೆ ಬಂದು ಕಪ್ಪು ಕಲೆ ಉಳಿಯುತ್ತದೆ. ಬಂಗನ್ನು ಬೆಳೆಸುವುದೇ ಬಿಸಿಲು. ಹಾಗಾಗಿ ಮೊದಲ ಮದ್ದು ಕೊಡೆ, ಅಂಚು ಅಗಲ ಇರುವ ಟೊಪ್ಪಿ. ಅಡಿಕೆ ಹಾಳೆಯ ಟೊಪ್ಪಿ ತಲೆ ಕಾಯುತ್ತದೆ, ಕೆನ್ನೆ ಕಾಯುವುದಿಲ್ಲ. ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್‌ಪಿಎಫ್ 30 ಇರಲಿ (ಅದು ಬಿಸಿಲು ತಡೆಯುವ ಅಳತೆ), ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು ಮುಖ ಕುತ್ತಿಗೆಗೆ ಬೇಕು, ಅಂಗಳದಲ್ಲಿ ಬೆವರುತ್ತಾ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕುಂಕುಮದ ಬೊಟ್ಟಿನ ಹಾಗೆ ಅಲ್ಲೊಂದು ಇಲ್ಲೊಂದು ಇಟ್ಟರೆ ಪ್ರಯೋಜನ ಇಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಬಿಳಿ ಮಾಡುವ ಕ್ರೀಮುಗಳ ಮೇಲೆ. ನಮ್ಮ ಕೇರಳದಲ್ಲೇ, ಮಲಪ್ಪುರಂ ಕಡೆ, ಇಂಥ ಕ್ರೀಮು ಹಚ್ಚಿ ಕಿಡ್ನಿ ಕೆಟ್ಟವರ ಸುದ್ದಿ 2023ರಲ್ಲಿ ಬಂದಿತ್ತು. ಕಾರಣ ಅದರಲ್ಲಿದ್ದ ಪಾದರಸ. ಅದೇ ವರ್ಷ ಔಷಧ ನಿಯಂತ್ರಣ ಇಲಾಖೆಯವರು ‘ಆಪರೇಷನ್ ಸೌಂದರ್ಯ’ ಅಂತ ಅಂಗಡಿಗಳ ತಪಾಸಣೆ ಮಾಡಿದರು. ಪಾದರಸ ಹಚ್ಚಿದರೆ ಮುಖ ಬೇಗ ಬಿಳುಪಾಗುವುದು ಹೌದು, ಅದಕ್ಕೇ ಜನ ಬೀಳುವುದು. ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರು ಇಲ್ಲದ ಡಬ್ಬಿ ಗಲ್ಫಿನಿಂದ ಬಂದ ಭಾವ ಪ್ರೀತಿಯಿಂದ ಕೊಟ್ಟರೂ ಮುಟ್ಟಬೇಡಿ. ಹಚ್ಚುತ್ತಿದ್ದವರಿಗೆ ಕಾಲು ಊದಿ, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ, ಡಬ್ಬಿಯನ್ನೂ ಹಿಡಿದುಕೊಂಡು ಹೋಗಿ.

ಇನ್ನೊಂದು, ಹುಳುಕಡ್ಡಿಗೆ ಮೆಡಿಕಲ್ಲಿನವರು ಕೊಡುವ ಟ್ಯೂಬು. ಟ್ಯೂಬಿನ ಮೇಲೆ ಕ್ಲೋಬೆಟಸೋಲ್, ಬೆಟಾಮೆಥಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕಜ್ಜಿ ಒಳಗೊಳಗೇ ಹರಡುತ್ತದೆ, ತಿಂಗಳುಗಟ್ಟಲೆ ಹಚ್ಚಿದ ಕಡೆ ಚರ್ಮ ತೆಳ್ಳಗಾಗಿ ನರ ಕಾಣುತ್ತದೆ. ಮುಖಕ್ಕೆ ಅದನ್ನೇ ಹಚ್ಚಿ ರೂಢಿಯಾದವರು ಒಮ್ಮೆಗೇ ಬಿಟ್ಟರೆ ಉರಿ ಕೆರಳುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಬಿಡುವ ಕ್ರಮವನ್ನು ಚರ್ಮದ ಡಾಕ್ಟರಲ್ಲೇ ಕೇಳಿ. ಮತ್ತೆ ಎಲ್ಲಾದರೂ ಮಾಸಲು ಬಿಳಿ ಅಥವಾ ಕೆಂಪು ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ, ಎಣ್ಣೆ ತುಪ್ಪ ಅಂತ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಕುಷ್ಠವೇ ಆಗಿದ್ದರೂ ಮದ್ದು ಸರಕಾರ ಪುಕ್ಕಟೆ ಕೊಡುತ್ತದೆ, ಪೂರ್ತಿ ಗುಣ ಆಗುತ್ತದೆ, ನೆರೆಮನೆಯವರು ಏನು ಹೇಳುತ್ತಾರೆ ಅಂತ ತಡ ಮಾಡುವಂಥದ್ದಲ್ಲ.