ಕಪ್ಪು ಮೂರು ಮೇಲೇಳದ ಸಂಜೆ

ಪಿಯಾನೋ ಕಛೇರಿಗೆ ಕೂರುವಾಗ ಏನು ನುಡಿಸುತ್ತೇನೆ ಎಂಬುದನ್ನು ನಾನು ಮೊದಲೇ ಹೇಳುವುದಿಲ್ಲ. ಕಲಬುರಗಿಯ ಕೇಳುಗರಿಗೆ ಇದು ವಿಚಿತ್ರವೆನಿಸಿಲ್ಲ. ಗಾಯಕರು ತಂಬೂರಿಗೆ ಕಿವಿಗೊಟ್ಟು, ಹೊತ್ತು ನೋಡಿ, ಎದುರು ಕುಳಿತವರ ಮುಖ ನೋಡಿ ರಾಗ ಆರಿಸಿಕೊಳ್ಳುವುದನ್ನು ಇಲ್ಲಿಯ ಬೈಠಕ್‌ಗಳಲ್ಲಿ ಅವರೂ ಕಂಡಿದ್ದಾರೆ, ನಾನೂ ಚಿಕ್ಕಂದಿನಿಂದ ಕಂಡಿದ್ದೇನೆ. ತಿಂಗಳುಗಳ ಮುಂಚೆ ಅಚ್ಚಾದ ಪಟ್ಟಿಗೆ ಕಟ್ಟುಬಿದ್ದು ನುಡಿಸುವುದು ನನ್ನ ಕೈಗೆ ಒಗ್ಗಲೇ ಇಲ್ಲ.

ಪಾಶ್ಚಾತ್ಯ ಸಂಗೀತಕ್ಕೂ ಇದು ಹೊರಗಿನದಲ್ಲ. 1840ರಲ್ಲಿ ಲಂಡನ್ನಿನ ತನ್ನ ಕಛೇರಿಗಳಿಗೆ ‘ರಿಸೈಟಲ್’ ಎಂಬ ಹೆಸರು ಕೊಟ್ಟ ಪಿಯಾನೋ ವಾದಕ ಫ್ರಾಂಜ್ ಲಿಸ್ಟ್, ಸಭಿಕರು ಕೊಟ್ಟ ರಾಗಗಳನ್ನೆತ್ತಿಕೊಂಡು ಆಶುವಾಗಿ ಬೆಳೆಸುತ್ತಿದ್ದ. ಪಿಯಾನೋ ವಾದಕಿ ಕ್ಲಾರಾ ಶೂಮನ್ ಕೃತಿಗೂ ಕೃತಿಗೂ ನಡುವೆ ಆ ಕ್ಷಣಕ್ಕೆ ಹೊಳೆದ ಪೀಠಿಕೆ ನುಡಿಸುತ್ತಿದ್ದಳು. ಅವುಗಳಲ್ಲಿ ಕೆಲವನ್ನು ಮಕ್ಕಳ ಕೋರಿಕೆಯ ಮೇರೆಗೆ 1895ರಲ್ಲಿ ಬರೆದಿಟ್ಟಳು. ನಮ್ಮ ಕಾಲದಲ್ಲಿ ಪಿಯಾನೋ ವಾದಕ ಆಂದ್ರಾಶ್ ಶಿಫ್ ಕೃತಿಗಳ ಹೆಸರನ್ನು ವೇದಿಕೆಯ ಮೇಲಿಂದಲೇ ಹೇಳುತ್ತಾರೆ. ನಾನು ಕೃತಿಯೊಳಗಿನ ಒಂದು ಸ್ವರವನ್ನೂ ಬದಲಿಸುವುದಿಲ್ಲ. ಯಾವ ಕೃತಿ, ಯಾವುದರ ನಂತರ ಯಾವುದು, ನಡುವಿನ ಸೇತುವೆ ಹೇಗೆ ಎಂಬಷ್ಟೇ ನನ್ನ ಸ್ವಾತಂತ್ರ್ಯ.

ಅದಕ್ಕೆ ಬೇಕಾದ ತಯಾರಿ ಮಾತ್ರ ಇಮ್ಮಡಿಯಲ್ಲ, ಮುಮ್ಮಡಿ. ಒಂದು ಗಂಟೆ ನುಡಿಸಲು ಮೂರು ಗಂಟೆಯಷ್ಟು ಸಂಗೀತ ಕಂಠಪಾಠವಾಗಿ ಕೈಯಲ್ಲಿರಬೇಕು. ಪ್ರತಿ ಕೃತಿಯ ಶ್ರುತಿ, ಅವಧಿ, ಎಡಗೈಯ ಮೊದಲ ಸ್ವರ ಇಷ್ಟನ್ನು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಬೆಳಿಗ್ಗೆ ಎದ್ದವನೇ ಯಾವುದೋ ಒಂದು ಪುಟ ತೆರೆದು, ಬೆರಳು ಬಿಸಿ ಮಾಡಿಕೊಳ್ಳದೆ, ಅಲ್ಲಿರುವ ಕೃತಿಯನ್ನು ನೇರವಾಗಿ ಎತ್ತಿಕೊಳ್ಳುತ್ತೇನೆ. ತಣ್ಣಗಿನ ಕೈಗೆ ಬಾರದ ಕೃತಿಗೆ ವೇದಿಕೆಯ ಮೇಲೆ ಜಾಗವಿಲ್ಲ.

ಕಳೆದ ಸೆಪ್ಟೆಂಬರಿನ ಒಂದು ಸಂಜೆ. ಮೂರು ದಿನದಿಂದ ಮಳೆ ಹಿಡಿದಿತ್ತು. ಪರಿಚಿತರೊಬ್ಬರ ಮನೆಯ ದೊಡ್ಡ ಪಡಸಾಲೆ, ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗಳು ಬರಿದು, ಗೋಡೆಗೊರಗಿದ ಹಳೆಯ ಪಿಯಾನೋ. ಕುಳಿತವನೇ ಒಂದು ಸ್ವರ ಒತ್ತಿ, ಅದು ಪೂರ್ತಿ ಅಡಗುವವರೆಗೆ ಕಾಯುವುದು ನನ್ನ ರೂಢಿ. ಕಲ್ಲು ನಾದವನ್ನು ಹೀರದೆ ಹಿಂದಕ್ಕೆ ಎಸೆಯುತ್ತಿತ್ತು. ಒಂದೇ ರಾಗವನ್ನು ಹಲವು ಎಳೆಗಳು ಬೆನ್ನಟ್ಟುವ ಬಾಖ್‌ನ ವೇಗದ ಫ್ಯೂಗ್‌ಗಳು ಇಲ್ಲಿ ಕಲಸಿಹೋಗುತ್ತವೆ ಎಂದು ಅಲ್ಲಿಗೇ ತೀರ್ಮಾನವಾಯಿತು. ಶೂಬರ್ಟ್ 1827ರಲ್ಲಿ ಬರೆದ ಜಿ ಫ್ಲಾಟ್ ಮೇಜರ್ ಇಂಪ್ರಾಂಪ್ಟು ಎಂಬ ಕಿರು ಪಿಯಾನೋ ಕೃತಿ ಮನಸ್ಸಿಗೆ ಬಂತು. ಆ ತೇಲುವ ರಾಗಕ್ಕೆ ಹೇಳಿ ಮಾಡಿಸಿದ ಕೋಣೆ. ಅದರ ಷಡ್ಜವನ್ನು ಮೆಲ್ಲಗೆ ಒತ್ತಿದೆ. ಪಿಯಾನೋದ ಆ ಮನೆ, ಅಂದರೆ ಕೀ, ಕೆಳಗಿಳಿಯಿತು, ಮೇಲೇಳಲಿಲ್ಲ. ತೇವಕ್ಕೆ ಮರ ಉಬ್ಬಿ ಸಿಕ್ಕಿಕೊಂಡಿತ್ತು. ಹಾರ್ಮೋನಿಯಂ ನುಡಿಸುವವರು ಕಪ್ಪು ಮೂರು ಎನ್ನುವ ಮನೆ ಅದು. ಎಫ್ ಶಾರ್ಪ್ ಎಂದರೂ ಅದೇ, ಜಿ ಫ್ಲಾಟ್ ಎಂದರೂ ಅದೇ. ಷಡ್ಜವೇ ಸಿಕ್ಕಿಕೊಂಡ ಮೇಲೆ ಆ ಇಂಪ್ರಾಂಪ್ಟು ಹೇಗೆ ಸಾಧ್ಯ? ಆ ಸ್ವರ ಬೇಕೇ ಬೇಕಾದ ಡಿ ಮೇಜರ್, ಜಿ ಮೇಜರ್ ಕೃತಿಗಳೂ ಅದರೊಂದಿಗೇ ಹೋದವು.

ಅಚ್ಚಾದ ಪಟ್ಟಿಯಿದ್ದಿದ್ದರೆ ಕ್ಷಮೆ ಕೇಳಬೇಕಾಗುತ್ತಿತ್ತು. ನಾನು ಆ ಮನೆ ಅಷ್ಟಾಗಿ ಬೇಕಾಗದ ಎಫ್ ಮೇಜರ್ ಕಡೆಗೆ ಹೊರಳಿದೆ. ರಾಬರ್ಟ್ ಶೂಮನ್‌ನ ‘ಟ್ರೋಯ್ಮೆರೈ’, ಅವನು 1838ರಲ್ಲಿ ಬರೆದ ಬಾಲ್ಯದ ಹದಿಮೂರು ಚಿತ್ರಗಳಲ್ಲಿ ಏಳನೆಯದು. ಅದರ ನಡುಭಾಗದಲ್ಲೂ ಕಪ್ಪು ಮೂರು ಬರುತ್ತದೆ. ಆದರೆ ಗತಿ ನಿಧಾನ. ಒತ್ತಿದ ಮನೆಯನ್ನು ಉಗುರಿನಿಂದ ಮೇಲೆತ್ತಲು ಬಿಡುವು ಸಿಗುತ್ತದೆ. ಎತ್ತುವಾಗ ಮರದ ಸಣ್ಣ ಸದ್ದು ನನಗೆ ಕೇಳಿಸಿತು, ಮಳೆಯಲ್ಲಿ ಸಭೆಗೆ ಕೇಳಿಸಿರಲಾರದು. ಹೀಗೆ ಕಾದು ಕಾದು ನುಡಿಸಿದ್ದರಿಂದ ಪ್ರತಿ ಸಾಲಿನ ಏರಿಕೆಗೆ ಮೊದಲಿಗಿಂತ ಉದ್ದನೆಯ ಉಸಿರು ಸಿಕ್ಕಿತು. ಆ ಕೃತಿಯನ್ನು ನಾನು ಅದಕ್ಕಿಂತ ಚೆನ್ನಾಗಿ ಎಂದೂ ನುಡಿಸಿರಲಿಲ್ಲ. ಕೊನೆಗೆ ಒಟ್ಟಿಗೆ ಒತ್ತಿದ ಸ್ವರಗಳನ್ನು ಪೆಡಲಿನಲ್ಲಿ ಹಿಡಿದಿಟ್ಟು, ಅವುಗಳಿಂದಲೇ ನಾಲ್ಕಾರು ಸ್ವರ ಹೆಣೆದು ಬಿ ಫ್ಲಾಟ್‌ಗೆ ದಾಟಿ, ಮೊಟ್ಸಾರ್ಟ್‌ನ ನಿಧಾನಗತಿಯ ಭಾಗವೊಂದನ್ನು ಎತ್ತಿಕೊಂಡೆ.

ಮುಗಿದ ಮೇಲೆ ಹಿರಿಯರೊಬ್ಬರು ಬಂದು, ‘ಎರಡನೆಯದಕ್ಕೆ ಹೋಗುವಾಗ ನಡುವೆ ನುಡಿಸಿದಿರಲ್ಲ, ಅದು ಯಾರದು?’ ಎಂದು ಕೇಳಿದರು. ಈ ಕೋಣೆಯದು ಎಂದೆ. ನುಡಿಸಿದ ಕೃತಿಗಳ ಪಟ್ಟಿಯನ್ನು ನಾನು ಬರೆಯುವುದು ಆಗಲೇ. ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದು ಬಾಗಿಲಿಗೆ ಅಂಟಿಸಿದೆ. ಜನ ಚಪ್ಪಲಿ ಹಾಕಿಕೊಳ್ಳುತ್ತ ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು ಮಳೆಗೆ ಇಳಿದರು.