ಕೇಸ್ ಮತ್ತೆ ಮೆಡಿಕಲ್ ಬೋರ್ಡ್‌ಗೆ ಹೋದಾಗ ನಾನು ಮಾಡಿದ್ದು

ನಾನು ಸೇನೆಯ ಆರ್ಟಿಲರಿಯಲ್ಲಿ, ಅಂದರೆ ತೋಪಿನ ದಳದಲ್ಲಿ, ಗನ್ನರ್ ಆಗಿದ್ದವನು. ನಿವೃತ್ತಿ ಹೊತ್ತಿಗೆ ಕಿವಿ ಮಂದವಾಗಿತ್ತು. ಸೇನೆಯಿಂದ ಬಿಡುಗಡೆಯಾಗುವಾಗ ಪರೀಕ್ಷಿಸುವ ವೈದ್ಯರ ಮಂಡಳಿ, ಅಂದರೆ ಮೆಡಿಕಲ್ ಬೋರ್ಡ್, 20% ಊನ ಒಪ್ಪಿತು. ಆದರೆ ಅದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿತು. ಹಾಗಾಗಿ ಊನಕ್ಕೆ ಕೊಡುವ ಡಿಸೆಬಿಲಿಟಿ ಪೆನ್ಷನ್ ಸಿಗಲಿಲ್ಲ. ಎರಡು ಅಪೀಲೂ ಬಿದ್ದವು. ಕರ್ನಾಟಕದವರ ಇಂಥ ಕೇಸುಗಳು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ ಹೋಗುತ್ತವೆ. ಅಲ್ಲಿಂದ ಬಂದ ಆದೇಶ: ಹೊಸ ಬೋರ್ಡ್ ಪರೀಕ್ಷೆ ಮಾಡಿ, ಕಾರಣ ಕೊಟ್ಟು ಅಭಿಪ್ರಾಯ ಬರೆಯಲಿ.

ಮನೆಯಲ್ಲಿ ‘ಮತ್ತೆ ಮೊದಲಿಂದಾನಾ?’ ಅಂದರು. ಆದೇಶದ ಕೊನೆಯ ಪ್ಯಾರಾ ಓದಿದರೆ ಹಾಗಿರಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ. ಕಿವಿ ಹೋಗಿದ್ದು ತೋಪಿನ ಸದ್ದಿಗಾ, ವಯಸ್ಸಿಗಾ? ಅದಕ್ಕೆ ಬೇಕಾದ ಕಾಗದ ಮಾತ್ರ ಹುಡುಕಿದೆ.

ಮಾಹಿತಿ ಹಕ್ಕಿನಡಿ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ ಭರ್ತಿಯ ವೈದ್ಯಕೀಯ ಹಾಳೆ, ವಾರ್ಷಿಕ ತಪಾಸಣೆಗಳು, ಪೋಸ್ಟಿಂಗ್ ವಿವರ ತರಿಸಿಕೊಂಡೆ. ಭರ್ತಿಯಲ್ಲಿ ಎರಡೂ ಕಿವಿ ಸರಿ ಎಂದಿತ್ತು. ಇದು ಸಣ್ಣ ವಿಷಯ ಅಲ್ಲ. ಸೇರುವಾಗ ಕಾಯಿಲೆ ದಾಖಲಾಗಿಲ್ಲದಿದ್ದರೆ ಸೈನಿಕ ಆರೋಗ್ಯವಾಗಿದ್ದ ಎಂದೇ ಹಿಡಿಯಬೇಕು, ಅಲ್ಲ ಅನ್ನುವವರೇ ಅದನ್ನು ತೋರಿಸಬೇಕು ಎಂದು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆಮೇಲೆ ಆಡಿಯೋಗ್ರಾಮ್, ಅಂದರೆ ಯಾವ ಸ್ವರ ಎಷ್ಟು ಕೇಳಿಸುತ್ತದೆ ಎಂದು ಗೆರೆ ಎಳೆದು ತೋರಿಸುವ ಕಿವಿ ಪರೀಕ್ಷೆಯ ಹಾಳೆ. ಸದ್ದಿನಿಂದ ಕೆಟ್ಟ ಕಿವಿಯಲ್ಲಿ ಸಾಮಾನ್ಯವಾಗಿ 4000 ಹರ್ಟ್ಜ್ ಹತ್ತಿರ ಗೆರೆ ಧುಮುಕಿ, 8000ದ ಕಡೆ ಸ್ವಲ್ಪ ಮೇಲೇಳುತ್ತದೆ. ವಯಸ್ಸಿನ ಕಿವುಡಾದರೆ ಇಳಿಜಾರಿನಂತೆ ಇಳಿಯುತ್ತಲೇ ಹೋಗುತ್ತದೆ. ವಯಸ್ಸಾದಂತೆ ಎರಡೂ ಬೆರೆತು ಆ ಗುಂಡಿ ಮಾಸುವುದೂ ಉಂಟು. ಅದಕ್ಕೇ ಹೊಸ ರಿಪೋರ್ಟಿಗಿಂತ ಸೇವೆಯಲ್ಲಿದ್ದಾಗಿನ ಹಳೆಯ ರಿಪೋರ್ಟಿಗೆ ಬೆಲೆ ಜಾಸ್ತಿ. ನನ್ನ ಹಳೆಯ ಹಾಳೆಯಲ್ಲಿ ಗುಂಡಿ ಸ್ಪಷ್ಟವಾಗಿತ್ತು. ಅದನ್ನೂ ಫೈರಿಂಗ್ ರೇಂಜಿನ ಪೋಸ್ಟಿಂಗ್‌ಗಳನ್ನೂ ತಾರೀಖಿನ ಪ್ರಕಾರ ಒಂದೇ ಪುಟದಲ್ಲಿ ಜೋಡಿಸಿದೆ. ದಪ್ಪ ಫೈಲ್ ಕೊಟ್ಟರೆ ಯಾರು ಓದುತ್ತಾರೆ, ಅಲ್ವಾ?

ಪರೀಕ್ಷೆಯ ಹಿಂದಿನ ದಿನ ಜೋರು ಸದ್ದಿನಿಂದ ದೂರ ಇದ್ದೆ. ತಾತ್ಕಾಲಿಕ ಮಂದತನ ಸೇರಿದರೆ ಲೆಕ್ಕ ಕೆಡುತ್ತದೆ. ಒಳಗೆ ಕೇಳಿಸಿದ್ದನ್ನು ಕೇಳಿಸಿತು ಎಂದೇ ಹೇಳಿದೆ. ನಾಟಕ ಮಾಡಿದರೆ ಪದೇ ಪದೇ ನಡೆಸುವ ಪರೀಕ್ಷೆಯಲ್ಲಿ ಅಂಕಿ ತಾಳೆಯಾಗುವುದಿಲ್ಲ.

ಹೊಸ ಬೋರ್ಡ್ ‘ಸೇವೆಯಿಂದ ಬಂದದ್ದು’ ಎನ್ನಲಿಲ್ಲ, ‘ಸೇವೆಯಿಂದ ಹೆಚ್ಚಾದದ್ದು’ ಎಂದಿತು. ಗೆಳೆಯರು ಬೇಸರ ಮಾಡಿಕೊಂಡರು. ಸುಮ್ನೆ. ಪೆನ್ಷನ್‌ಗೆ ಎರಡರಲ್ಲಿ ಯಾವುದಾದರೂ ಸಾಕು. ನನ್ನ ಕಾಲದ ನಿಯಮದಂತೆ 20% ಅನ್ನು 50% ಎಂದು ಲೆಕ್ಕ ಹಾಕಿ ಹೊಸ ಪಿಪಿಒ (ಪೆನ್ಷನ್ ಪಾವತಿ ಆದೇಶ) ಬಂತು.